ಬಚ್ಚಲ ಮಾಜಿಯ ಜತೆ ಅರ್ಧ ಗಂಟೆ

ಬೆಂಗಳೂರಿನ ನಮ್ಮ ಮನೆಯ ಬಚ್ಚಲಲ್ಲಿ, ಕಮೋಡಿನ ಹಿಂದೆ, ಬ್ರಷ್ಷಿಗೆ ಒರಗಿಕೊಂಡು ಒಂದು ಬಾಟಲಿ ಹನ್ನೊಂದು ವರ್ಷದಿಂದ ಕೂತಿದೆ. ಬಾಟಲಿ ಆಗಾಗ ಬದಲಾಗಿದೆ, ಒಳಗಿನವನು ಮಾತ್ರ ಅವನೇ. ಈಗಿನ ಬಾಟಲಿಯ ಮೈಮೇಲೆ ಕಿತ್ತುಹೋದ ಕೂಲ್‌ಡ್ರಿಂಕ್ಸ್ ಲೇಬಲ್ಲಿನ ಅಂಟು ಇನ್ನೂ ಇದೆ. ಒಳಗೆ ತೆಳು ಹಳದಿಯ ಬಾತ್‌ರೂಮ್ ಆಸಿಡ್.

ಕಳೆದ ತಿಂಗಳು ಮನೆಯಲ್ಲಿ ಆಡಳಿತ ಬದಲಾಯಿತು. ಹಾಸ್ಟೆಲಿನಿಂದ ರಜಕ್ಕೆ ಬಂದ ಮಗಳು ಫಿನಾಯಿಲ್, ಬ್ಲೀಚಿಂಗ್ ಪೌಡರ್, ನುಸಿಗುಳಿಗೆ ಎಲ್ಲವನ್ನೂ ಒಂದೇ ಬೆಳಗ್ಗೆ ವಜಾ ಮಾಡಿ, ನಿಂಬೆ ಉಪ್ಪು, ಅಡುಗೆ ಸೋಡ, ವಿನಿಗರ್, ಅಂಟುವಾಳದ ಕಾಯಿಗಳನ್ನು ಸಂಪುಟಕ್ಕೆ ಸೇರಿಸಿಕೊಂಡಳು. ಆಸಿಡ್ಡಿಗೂ ‘ಮಾಜಿ’ ಪಟ್ಟ ಸಿಕ್ಕಿತು. ಆದರೆ ಎಲ್ಲ ಮಾಜಿಗಳ ಹಾಗೆ ಅವನೂ ಸರ್ಕಾರಿ ಬಂಗಲೆ ಖಾಲಿ ಮಾಡಿಲ್ಲ. ಮಾಜಿಗಳನ್ನು ಮಾತಾಡಿಸುವುದರಲ್ಲಿ ಒಂದು ಲಾಭವಿದೆ, ಅಧಿಕಾರದಲ್ಲಿದ್ದಾಗ ನುಂಗಿಕೊಂಡದ್ದನ್ನೆಲ್ಲ ಕಕ್ಕುತ್ತಾರೆ. ಕಿಟಕಿ ತೆರೆದು, ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಂಡು ಕೂತೆ.

ನಾನು: ನಮಸ್ಕಾರ. ಹೇಗಿದ್ದೀರಿ?

ಮಾಜಿ: ಮುಚ್ಚಳ ಸಡಿಲ ಇದೆ, ಬದುಕಿದ್ದೀನಿ ಅಂತ ವಾಸನೆಯಲ್ಲೇ ಗೊತ್ತಾಗ್ತಿರಬೇಕು. ಏನು ಸಾರ್, ಕಿಟಕಿ ತೆಗೆದಿಟ್ಟು ಕೂತಿದ್ದೀರಿ? ಹನ್ನೊಂದು ವರ್ಷದಲ್ಲಿ ಯಾರೂ ತೆಗೆದಿದ್ದು ನೋಡಿರಲಿಲ್ಲ. ನನ್ನನ್ನ ಸುರಿಸಿ, ಮನೆಯೆಲ್ಲ ವಾಸನೆ ಆಗುತ್ತೆ ಅಂತ ಬಾಗಿಲು ಎಳಕೊಳ್ತಿದ್ರಿ. ಒಳಗೆ ಒಬ್ಬರನ್ನ ಬಿಟ್ಟು.

ನಾನು: ಅದಕ್ಕೆ ಆಮೇಲೆ ಬರೋಣ. ನಿಮ್ಮ ಊರು, ಮನೆತನ?

ಮಾಜಿ: ದೊಡ್ಡ ಮನೆತನ. ಪೂರ್ತಿ ಹೆಸರು ಹೈಡ್ರೋಕ್ಲೋರಿಕ್ ಆಸಿಡ್. ಆದರೆ ಹುಟ್ಟು ಹೇಳಿಕೊಳ್ಳೋ ಹಾಗಿಲ್ಲ. ನಾನು ಸೋಪಿನ ಮನೆಯ ಕಸ. ನಗಬೇಡಿ. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಅಡುಗೆ ಉಪ್ಪಿನಿಂದ ಸೋಡ ಮಾಡೋ ಕಾರ್ಖಾನೆಗಳಿದ್ವು, ಲೆಬ್ಲಾಂಕ್ ವಿಧಾನ ಅಂತ. ಸೋಡ ಸೋಪಿಗೂ ಗಾಜಿಗೂ ಹೋಗ್ತಿತ್ತು. ನಾನು ಚಿಮಣಿಯಿಂದ ಹೊರಟು ಸುತ್ತಲಿನ ಹೊಲಗಳ ಮೇಲೆ ಇಳೀತಿದ್ದೆ. ಬೇಲಿ ಸುಟ್ಟೆ, ಬೆಳೆ ಸುಟ್ಟೆ. ರೈತರು ಬೊಬ್ಬೆ ಹೊಡೆದ ಮೇಲೆ 1863ರಲ್ಲಿ ಅಲ್ಲಿಯ ಪಾರ್ಲಿಮೆಂಟು ಆಲ್ಕಲಿ ಕಾಯ್ದೆ ತಂದು, ನೂರಕ್ಕೆ 95 ಪಾಲು ಹಿಡಿದು ನಿಲ್ಲಿಸಿ ಅಂತು. ಹಿಡಿದ್ರು, ನೀರಲ್ಲಿ ಕರಗಿಸಿದ್ರು. ಕರಗಿಸಿಕೊಂಡು ಏನು ಮಾಡೋದು? ಏನಕ್ಕಾದರೂ ಉಪಯೋಗ ಹುಡುಕಬೇಕಲ್ಲ. ಜನ ಮೈ ತೊಳೆದುಕೊಳ್ಳೋಕೆ ಹೊರಟಾಗ ಹೊರಬಿದ್ದ ಕೊಳೆ ನಾನು, ನಿಮ್ಮ ಕೊಳೆ ತೊಳೆಯೋಕೆ ನನ್ನನ್ನೇ ಕರೆದ್ರಿ.

ನಾನು: ಈಗಲೂ ಹಾಗೆಯೇ?

ಮಾಜಿ: ವಿಧಾನ ಬದಲಾಯ್ತು, ಜಾತಕ ಬದಲಾಗಲಿಲ್ಲ. ಕಾಸ್ಟಿಕ್ ಸೋಡ ಮಾಡೋ ಕಡೆ ಕ್ಲೋರಿನ್ ಜತೆಜತೆಗೇ ಹುಟ್ಟುತ್ತೆ, ಅದಕ್ಕೆ ಏನಾದರೂ ಗತಿ ಕಾಣಿಸಬೇಕು. ಅದಕ್ಕೇ ನಾನು ಅಗ್ಗ. ಅದಕ್ಕೇ ನಿಮ್ಮ ಬೀದಿಗೆ ಟಿವಿಎಸ್ ಮೇಲೆ ಕ್ಯಾನ್ ಕಟ್ಟಿಕೊಂಡು ‘ಆಸಿಡ್, ಫಿನಾಯ್ಲ್’ ಅಂತ ಕೂಗುತ್ತಾ ಬರ್ತಾರೆ.

ನಾನು: ಹಾಗೆ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿತ್ತಲ್ಲ? ಕೊಳ್ಳುವವರ ಗುರುತಿನ ಚೀಟಿ ನೋಡಬೇಕು, ಯಾಕೆಂದು ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಹದಿನೆಂಟು ತುಂಬದವರಿಗೆ ಕೊಡಬಾರದು.

ಮಾಜಿ: (ಸ್ವಲ್ಪ ಹೊತ್ತು ಮಾತಿಲ್ಲ.) ಆ ಆದೇಶ ಯಾರ ಮುಖ ನೋಡಿ ಬಂತು ಅಂತ ನನಗೆ ಗೊತ್ತು ಸಾರ್. ಅದರ ಬಗ್ಗೆ ನಾನು ತಮಾಷೆ ಮಾಡಲ್ಲ. ನೀವೂ ಕೇಳಬೇಡಿ. ನನ್ನನ್ನ ಕೊಂಡ ದಿನ ನಿಮ್ಮ ಹತ್ರ ಯಾವ ಚೀಟಿ ಕೇಳಿದ್ರು ಅಂತ ಮಾತ್ರ ಜ್ಞಾಪಿಸಿಕೊಳ್ಳಿ.

ನಾನು: ...ಕೆಲಸದ ವಿಷಯಕ್ಕೆ ಬರೋಣ. ಕೆಲಸಗಾರ ಎಂಬ ಹೆಸರಂತೂ ನಿಮಗಿತ್ತು.

ಮಾಜಿ: ಇತ್ತು. ನಿಮ್ಮದು ಬೋರ್‌ವೆಲ್ ನೀರು. ಒಣಗಿದ ಕಡೆಯೆಲ್ಲ ಬಿಳಿ ಪೊರೆ, ನೀವು ಉಪ್ಪಿನ ಕಲೆ ಅಂತೀರಿ. ಅಸಲಿಗೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು, ಸುಣ್ಣದಕಲ್ಲಿನ ಸಂತಾನ. ನಾನು ಬಿದ್ದೆ ಅಂದ್ರೆ ಸುಂಯ್ ಅಂತ ನೊರೆ ಎದ್ದು ಮಾಯ. ಆ ಸದ್ದು ಕೇಳಿ ನಿಮಗೆ ಎಂಥ ಆನಂದ! ಆದರೆ ಕಲೆಯಲ್ಲಿರೋ ಸುಣ್ಣ ಯಾವುದು, ಟೈಲ್ಸ್ ಸಂದಿನ ಸಿಮೆಂಟಿನಲ್ಲಿರೋ ಸುಣ್ಣ ಯಾವುದು ಅಂತ ನನಗೆ ಗುರುತು ಹತ್ತಲ್ಲ. ಎರಡನ್ನೂ ತಿಂದೆ. ಹಿತ್ತಲ ಬಾಗಿಲ ಹತ್ರದ ಮೊಸಾಯಿಕ್ ನೆಲ ಹೇಗಿದೆ?

ಎದ್ದು ಹೋಗಿ ನೋಡಿದೆ. ಒಂದು ದೀಪಾವಳಿಗೆ ಪಳಪಳ ಹೊಳೆಯಲಿ ಎಂದು ಸುರಿಸಿದ ಜಾಗ. ಬಿಳಿ ಚಿಪ್ಪುಗಳು ಕರಗಿ ಗುಳಿ ಬಿದ್ದು, ಕರಿಯವು ಮಾತ್ರ ಮೇಲೆದ್ದು ನಿಂತಿವೆ. ಅಂಗೈ ಇಟ್ಟರೆ ದನದ ನಾಲಗೆ ಸವರಿದ ಹಾಗೆ. ವಾಪಸು ಬಂದು ಕೂತೆ.

ನಾನು: ನಿಮ್ಮ ಜಾಗಕ್ಕೆ ಬಂದ ಹೊಸಬರ ಬಗ್ಗೆ ಏನನ್ನುತ್ತೀರಿ?

ಮಾಜಿ: ಹೊಸಬರು ಯಾರು ಸಾರ್? ನಿಂಬೆ ಉಪ್ಪು ಅಂದ್ರೆ ಸಿಟ್ರಿಕ್ ಆಸಿಡ್. ವಿನಿಗರ್ ಅಂದ್ರೆ ಅಸಿಟಿಕ್ ಆಸಿಡ್. ನಿಮ್ಮಜ್ಜಿ ದೇವರ ಹಿತ್ತಾಳೆ ದೀಪಕ್ಕೆ ತಿಕ್ಕುತ್ತಿದ್ದ ಹುಣಸೆಹಣ್ಣಿನಲ್ಲಿ ಟಾರ್ಟಾರಿಕ್ ಆಸಿಡ್. ಹುಳಿ ಮಜ್ಜಿಗೇಲಿ ಲ್ಯಾಕ್ಟಿಕ್. ಎಲ್ಲ ನಮ್ಮ ದಾಯಾದಿಗಳೇ. ವ್ಯತ್ಯಾಸ ಇಷ್ಟೇ, ನಾನು ಗಂಟಿನಲ್ಲಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಡ್ತೀನಿ, ಅವರು ಎಣಿಸಿ ಎಣಿಸಿ ಬಿಚ್ಚುತ್ತಾರೆ. ಮತ್ತೆ ಆ ನಿಂಬೆ ಉಪ್ಪು ನನ್ನ ಹಾಗೆ ಹೊಗೆಯಾಗಿ ಎದ್ದು ಯಾರ ಮೂಗಿಗೂ ಹೋಗಲ್ಲ. ಇದ್ದಲ್ಲೇ ಇರ್ತಾನೆ. ಅದು ಅವನ ಒಳ್ಳೆಯ ಗುಣ ಅಂತ ಒಪ್ಪಿಕೊಳ್ತೀನಿ, ಬರೆದುಕೊಳ್ಳಿ. ಹಾಗಂತ ಮೊಸಾಯಿಕ್ಕಿಗೋ ಮಾರ್ಬಲ್ಲಿಗೋ ಅವನನ್ನ ಬಿಟ್ಟೀರಿ ಜೋಕೆ. ನಿಧಾನಕ್ಕಾದರೂ ತಿಂತಾನೆ. ರಕ್ತ ಒಂದೇ ಅಲ್ವಾ?

ನಾನು: ಆದರೂ ಅವರೆಲ್ಲ ನೈಸರ್ಗಿಕ.

ಮಾಜಿ: (ಗುಳುಗುಳು ನಗು.) ಊಟ ಆಯ್ತಾ ಸಾರ್? ಅದನ್ನ ಅರಗಿಸ್ತಾ ಇರೋನು ಯಾರು? ನಿಮ್ಮ ಜಠರದಲ್ಲಿರೋದು ನಾನೇ, ಸ್ವಲ್ಪ ತೆಳ್ಳಗೆ. ನನಗಿಂತ ನೈಸರ್ಗಿಕ ಬೇಕಾ? ಅಂಗಡಿಯಲ್ಲಿ ಎಲೆ ಚಿತ್ರ ಹಾಕಿದ ಹಸಿರು ಬಾಟಲಿ ಕಂಡ ಕೂಡಲೇ ಕೈಮುಗೀತೀರಿ. ಒಳಗೆ ಏನಿದೆ, ಎಷ್ಟಿದೆ ಅಂತ ಹಿಂದೆ ತಿರುಗಿಸಿ ಓದಲ್ಲ. ಅಂಟುವಾಳದ ಕಾಯಿಯನ್ನೇ ತಗೊಳ್ಳಿ. ರೇಷ್ಮೆ ಸೀರೆಗೆ, ಬಂಗಾರದ ಒಡವೆಗೆ ಒಳ್ಳೇವನು, ಕೈ ಸುಡಲ್ಲ, ನಿಜ. ಆದರೆ ಅದೇ ನೊರೆಯನ್ನ ನಿಂತ ನೀರಿಗೆ ಹಾಕಿ ಮೀನಿಗೆ ಮತ್ತು ಬರಿಸಿ ಹಿಡಿಯೋ ಜನ ಇದ್ದರು. ಕಣ್ಣಿಗೆ ಬಿದ್ರೆ ಆ ಸಾಧುವೂ ಉರೀತಾನೆ.

ನಾನು: ಮಗಳು ಅಡುಗೆ ಸೋಡಕ್ಕೆ ವಿನಿಗರ್ ಬೆರೆಸಿ ಸಿಂಕಿಗೆ ಸುರಿದಳು. ಏನು ನೊರೆ, ಏನು ಸದ್ದು!

ಮಾಜಿ: ನೋಡಿದೆ, ಬಾಗಿಲು ಸಂದಿಯಿಂದ. ಒಬ್ಬ ಹುಳಿ, ಇನ್ನೊಬ್ಬ ಕ್ಷಾರ. ಕೂಡಿಸಿದ್ರೆ ಬುಸ್ ಅಂತ ಕಾರ್ಬನ್ ಡೈಆಕ್ಸೈಡು ಹೋಗಿ, ಉಳಿಯೋದು ಕೆಲಸಕ್ಕೆ ಬಾರದ ಸಪ್ಪೆ ನೀರು. ಸಮ್ಮಿಶ್ರ ಸರ್ಕಾರ ಇದ್ದ ಹಾಗೆ. ಪ್ರಮಾಣವಚನದ ದಿನ ಭಾರೀ ಗದ್ದಲ, ಮಾರನೇ ದಿನದಿಂದ ಒಬ್ಬರ ಕಾಲು ಒಬ್ಬರು ಹಿಡಿದು ನಿಲ್ಲಿಸ್ತಾರೆ. ಬೇರೆಬೇರೆಯಾಗಿ ಬಳಸಿದ್ರೆ ಇಬ್ಬರೂ ಕೆಲಸ ಮಾಡ್ತಾರೆ, ಸೋಡ ಜಿಡ್ಡಿಗೆ, ವಿನಿಗರ್ ಸುಣ್ಣದ ಕಲೆಗೆ.

(ಇಲ್ಲಿ ನನ್ನದೊಂದು ಮಾತು. ಮೂರು ಪಾಲು ಹಣ್ಣಿನ ಸಿಪ್ಪೆ, ಒಂದು ಪಾಲು ಬೆಲ್ಲ, ಹತ್ತು ಪಾಲು ನೀರು ಹಾಕಿ ಮೂರು ತಿಂಗಳು ಇಡುವ ಬಯೋ ಎನ್‌ಜೈಮ್ ಪ್ರಯೋಗವೂ ನಮ್ಮಲ್ಲಿ ನಡೆಯಿತು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ಬಿಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂಬತ್ತನೆಯ ರಾತ್ರಿ ಅಡುಗೆಮನೆಯಲ್ಲಿ ಢಂ ಎಂದಿತು. ಮೋಸಂಬಿ ಸಿಪ್ಪೆಯೊಂದು ಇನ್ನೂ ಫ್ಯಾನಿನ ರೆಕ್ಕೆಗೆ ಅಂಟಿಕೊಂಡಿದೆ.)

ನಾನು: ನಿಮ್ಮ ಮೇಲಿನ ದೊಡ್ಡ ಆರೋಪ, ಬ್ಲೀಚಿಂಗ್ ಪೌಡರಿನ ಜತೆಗಿನ ಸಹವಾಸ.

ಮಾಜಿ: ನಾನಾಗಿ ಅವನ ಮನೆಗೆ ಹೋದವನಲ್ಲ. ಕೂಡಿಸಿದವರು ನೀವು. ನಾವಿಬ್ಬರೂ ಸೇರಿದ್ರೆ ಕ್ಲೋರಿನ್ ಗಾಳಿ ಏಳುತ್ತೆ. 1915ರ ಏಪ್ರಿಲ್ 22ರಂದು ಬೆಲ್ಜಿಯಮ್ಮಿನ ಈಪ್ರ್ ಊರಿನ ಹತ್ರ ಜರ್ಮನ್ ಸೈನ್ಯ ಸಾವಿರಾರು ಸಿಲಿಂಡರಿನಿಂದ ಬಿಟ್ಟದ್ದು ಅದೇ ಗಾಳಿ. ಅವರು ಬಯಲಲ್ಲಿ ಬಿಟ್ರು. ನೀವು ಆರಡಿ ನಾಲ್ಕಡಿ ಬಚ್ಚಲಲ್ಲಿ, ಸತ್ಯನಾರಾಯಣ ಪೂಜೆಯ ಹಿಂದಿನ ದಿನ. ಕೆಲಸದಾಕೆಗೆ ‘ಎರಡೂ ಹಾಕಮ್ಮ, ನೆಂಟರು ಬರ್ತಾರೆ’ ಅಂದ್ರಿ. ಅವಳು ಸೆರಗನ್ನ ಮೂಗಿಗೆ ಕಟ್ಟಿಕೊಂಡು ಒಳಗೆ ಬಂದಳು. ಐದು ನಿಮಿಷಕ್ಕೆ ಗೋಡೆ ಹಿಡಕೊಂಡು ಹೊರಗೆ ಓಡಿದಳು. ಕಣ್ಣೆಲ್ಲ ನೀರು, ಕೆಮ್ಮು ನಿಲ್ಲಲೇ ಇಲ್ಲ. ಆಗ, ‘ಘಾಟು ಜಾಸ್ತಿ ಇದ್ರೆ ಕ್ಲೀನ್ ಚೆನ್ನಾಗಾಗಿದೆ ಅಂತ ಅರ್ಥ’ ಅಂದವರು ಯಾರು?

ನಾನು: ನಾರ್ವೆಯ ಬರ್ಗನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ...

ಮಾಜಿ: ಮಾತು ಬದಲಾಯಿಸಿದ್ರಿ. ಇರಲಿ, ಹೇಳಿ.

ನಾನು: ಆರು ಸಾವಿರಕ್ಕೂ ಹೆಚ್ಚು ಜನರನ್ನು ಇಪ್ಪತ್ತು ವರ್ಷ ಗಮನಿಸಿದರಂತೆ. ಮನೆಯಲ್ಲೋ ಕೂಲಿಗೋ ಕ್ಲೀನಿಂಗ್ ಮಾಡುತ್ತಿದ್ದ ಹೆಂಗಸರ ಶ್ವಾಸಕೋಶದ ಶಕ್ತಿ, ಮಾಡದ ಹೆಂಗಸರಿಗಿಂತ ಬೇಗ ಕುಗ್ಗಿತ್ತು. ಗಂಡಸರಲ್ಲಿ ಮಾತ್ರ ಆ ವ್ಯತ್ಯಾಸ ಕಾಣಲಿಲ್ಲ.

ಮಾಜಿ: ಕಾಣೋಕೆ ಬಚ್ಚಲು ತೊಳೆದ ಗಂಡಸರು ಸಿಗಬೇಕಲ್ಲ!

ನಾನು: ಅವರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಾರೆ, ಕ್ಲೀನಿಂಗ್ ಕೆಲಸದಲ್ಲಿದ್ದ ಗಂಡಸರ ಸಂಖ್ಯೆ ತೀರಾ ಕಡಿಮೆ ಇತ್ತೆಂದು. ಅದಕ್ಕೇ ನೋಡಿ, ನಾವು ಬದಲಾಯಿಸಿದೆವು.

ಮಾಜಿ: ನಾವು ಅಂದ್ರೆ?

ನಾನು: ನಾವು... ಮನೆಯವರು.

ಮಾಜಿ: ಕೇಳಿ ಸಾರ್. ನಿಂಬೆ ಉಪ್ಪಿನ ನೀರು ಕಲೆ ಬಿಡಿಸಬೇಕಾದ್ರೆ ಇಪ್ಪತ್ತು ನಿಮಿಷ ನೆನೀಬೇಕು, ಆಮೇಲೆ ತಿಕ್ಕಬೇಕು. ಹಳೇ ಕಲೆಗೆ ನಾಲ್ಕು ದಿನ ಹೀಗೇ ಮಾಡಬೇಕು. ನಾನು ಎರಡು ನಿಮಿಷದಲ್ಲಿ ಮುಗಿಸ್ತಿದ್ದೆ. ಉಳಿದ ಹದಿನೆಂಟು ನಿಮಿಷ ಯಾರ ಲೆಕ್ಕಕ್ಕೆ? ಸಾಮಾನು ಸೌಮ್ಯ ಆಯ್ತು, ಸಂತೋಷ. ಸಂಬಳ ಏರಿತಾ? ಅವಳ ಎಡಗೈ ಬೆರಳ ಸಂದಿ ನೋಡಿದ್ದೀರಾ, ಚಳಿಗಾಲದಲ್ಲಿ ಬಿರಿದು ರಕ್ತ ಒಸರುತ್ತೆ. ನಾನು ನೋಡಿದ್ದೀನಿ, ಅದು ನನ್ನದೇ ಸಹಿ. ಒಂದು ಜೊತೆ ರಬ್ಬರ್ ಗ್ಲೌಸ್ ತಂದಿದ್ರೆ ನನ್ನ ಕಾಲದಲ್ಲೇ ಅರ್ಧ ಸುಧಾರಣೆ ಆಗಿರೋದು. ಹನ್ನೊಂದು ವರ್ಷದಲ್ಲಿ ತರಲಿಲ್ಲ.

ಬರೆದುಕೊಳ್ಳುತ್ತಿದ್ದ ಪೆನ್ನು ಸರಿಯಾಗಿ ಬರೆಯುತ್ತಿಲ್ಲವೇನೋ ಎಂದು ಸುಮ್ಮನೆ ಕೊಡವಿದೆ.

ನಾನು: ಕೊನೆಯ ಪ್ರಶ್ನೆ. ನಿಮ್ಮನ್ನು ಎಲ್ಲಿ ಕಳಿಸುವುದು?

ಮಾಜಿ: ಕಸದ ಗಾಡಿಗೆ ಹಾಕಬೇಡಿ, ಅಲ್ಲಿ ಬರಿಗೈಲಿ ವಿಂಗಡಿಸೋರು ಇದ್ದಾರೆ. ಹಾಗೇ ಮೋರಿಗೂ ಸುರೀಬೇಡಿ. ನಾನಿರೋದು ಕಾಲು ಬಾಟಲಿ. ಕಿಟಕಿ ತೆಗೆದಿಟ್ಟು, ಬಕೆಟ್ ತುಂಬ ನೀರಿಗೆ ನನ್ನನ್ನ ಸ್ವಲ್ಪಸ್ವಲ್ಪ ಬಿಡಿ. ನೀರಿಗೆ ನಾನು, ನನ್ನ ಮೇಲೆ ನೀರಲ್ಲ, ಹಾರ್ತೀನಿ. ಆಮೇಲೆ ಚಿಟಿಕೆ ಚಿಟಿಕೆ ಅಡುಗೆ ಸೋಡ, ಬುಸ್ ಅನ್ನೋದು ನಿಲ್ಲೋವರೆಗೆ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ರ ಸುಳೀಬಾರದು. ಕೊನೆಗೆ ಉಳಿಯೋದು ಉಪ್ಪುನೀರು. ಉಪ್ಪಿನಿಂದ ಹುಟ್ಟಿದ ಮನೆತನ ಸಾರ್, ಉಪ್ಪಾಗೇ ಹೋಗ್ತೀನಿ. ಆದರೆ ಬಾಟಲಿನ ಮಕ್ಕಳ ಕೈಗೆ ಸಿಗೋ ಹಾಗೆ ಬಿಸಾಡಬೇಡಿ. ಯಾವ ಪಾಪಿ ನನ್ನನ್ನ ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿದನೋ!

ಅಷ್ಟರಲ್ಲಿ ಮುಂಬಾಗಿಲ ಚಿಲಕದ ಸದ್ದು. ಕೆಲಸದಾಕೆ ಬಂದಳು. ಬಚ್ಚಲಲ್ಲಿ ಸ್ಟೂಲ್ ಹಾಕಿಕೊಂಡು ನೋಟ್‌ಬುಕ್ ಹಿಡಿದು ಕೂತ ನನ್ನನ್ನು ನೋಡಿ ಒಂದು ಕ್ಷಣ ನಿಂತಳು. ಆಮೇಲೆ ಕಿಟಕಿಯ ಮೇಲಿದ್ದ ಸ್ಪ್ರೇ ಬಾಟಲಿ ಎತ್ತಿ ಅಲ್ಲಾಡಿಸಿದಳು.

“ಸಾರ್, ಇದನ್ನ ಹೊಡೆದು ನೆನೆಯಾಕೆ ಬಿಟ್ಟಿದ್ದೀರಾ?”

“ಇಲ್ಲ.”

“ನೀವು ಎದ್ದ ತಕ್ಷಣ ಹೊಡೆದುಬಿಡಿ, ನಾನು ಬರೋ ಹೊತ್ತಿಗೆ ನೆಂದಿರ್ತದೆ ಅಂತ ಹೋದ ವಾರನೇ ಹೇಳಿದ್ದೆ. ಈಗ ಹೊಡೆದು ಕಾಯ್ತಾ ಕೂತ್ಕೊಳಾಕೆ ಆಗಲ್ಲ, ನಂಗಿನ್ನೂ ಮೂರು ಮನೆ ಐತೆ.” ಹೇಳುತ್ತಲೇ ಸೆರಗನ್ನು ಮೂಗಿಗೆ ಏರಿಸಿ, ಅಭ್ಯಾಸಬಲದಿಂದ ಕಮೋಡಿನ ಹಿಂದಕ್ಕೆ ಕೈ ಚಾಚಿದಳು.

“ಬೇಡ ಬೇಡ, ಅದು ಬೇಡ” ಎಂದೆ.

“ಮತ್ತೆ?”

ಅವಳ ಕೈ ಅಲ್ಲೇ ನಿಂತಿತ್ತು. ನಾನು ಸ್ಪ್ರೇ ಬಾಟಲಿ ಇಸಿದುಕೊಂಡು ಗೋಡೆಗೆಲ್ಲ ಹೊಡೆದೆ, ಗಡಿಯಾರ ನೋಡಿದೆ, ಬ್ರಷ್ಷನ್ನು ಎಳೆದುಕೊಂಡೆ. ಅವಳು ಇನ್ನೊಮ್ಮೆ ನನ್ನ ಮುಖ ನೋಡಿ, ಪಾತ್ರೆ ತೊಳೆಯಲು ಹೋದಳು. ಒರಗಲು ಆಸರೆ ತಪ್ಪಿದ ಬಾಟಲಿ ವಾಲಿ ಗೋಡೆಗೆ ತಾಗಿ ನಿಂತಿತು.

“ಸಾರ್,” ಎಂದಿತು ಹಿಂದಿನಿಂದ, “ಮೊದಲು ಪ್ಯಾಂಟು ಮಡಚಿಕೊಳ್ಳಿ.”