ಮರುನಗರಯಾನ ಮೀಮಾಂಸೆ

ಅಥವಾ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಕಬ್ಬು ಬೆಳೆಗಾರರ ದುಬೈ ಪ್ರವಾಸದಲ್ಲಿ ಕಾಲ, ಪ್ರವೇಶ ಹಾಗೂ ದ್ರವ್ಯ: ಒಂದು ಬಹುಶಿಸ್ತೀಯ ಅನುಸಂಧಾನ

ಸಾರಲೇಖ: ಪ್ರಸ್ತುತ ಸಂಪ್ರಬಂಧವು ಕೃಷ್ಣಾ–ದೂಧಗಂಗಾ–ವೇದಗಂಗಾ ತೀರದ ಇಕ್ಷುಕೃಷಿಕ ಅಸ್ಮಿತೆಯನ್ನು ಮರುಭೂ-ನಾಗರಿಕ ಅವಕಾಶದಲ್ಲಿ ಸ್ಥಾನಪಲ್ಲಟಗೊಳಿಸಿದಾಗ ಉದ್ಭವಿಸುವ ಕಾಲಿಕ, ದಾಖಲಾತ್ಮಕ ಮತ್ತು ದ್ರವ್ಯಾತ್ಮಕ ಬಿಕ್ಕಟ್ಟುಗಳನ್ನು ಸಂಕಥನದ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುತ್ತದೆ. ಈ ವಾಕ್ಯ ತಿಳಿಯದವರು ಅಂಜಬೇಕಿಲ್ಲ. ವಿಚಾರ ಸಂಕಿರಣಗಳಲ್ಲಿ ಇಂಥವನ್ನು ಓದುವವರಿಗೂ ತಿಳಿದಿರುವುದಿಲ್ಲ; ಕೇಳುವವರು ಊಟದ ಕೂಪನ್ ಕೈಯಲ್ಲಿ ಹಿಡಿದು ಕೂತಿರುತ್ತಾರೆ.

ಪ್ರಮುಖ ಪದಗಳು: ಅನನ್ಯತೆ, ಚಲನಶೀಲತೆ, ಅಂಚಿನ ಲೋಕ, ಕಾಟಾ, ಖುಷಾಲಿ.

ಅಧ್ಯಯನದ ಅಗತ್ಯ

ಈ ವಿಷಯದ ಮೇಲೆ ಈವರೆಗೆ ಬಂದಿರುವ ಸಾಹಿತ್ಯ ಎರಡು ಬಗೆಯದು. ಒಂದು, ಟೂರ್ ಏಜೆಂಟರ ಬಣ್ಣದ ಹಾಳೆ. ಇನ್ನೊಂದು, ಒಮ್ಮೆ ಹೋಗಿ ಬಂದವರು ಊರ ಕಟ್ಟೆಯ ಮೇಲೆ ವರ್ಷವಿಡೀ ಕೊಡುವ ಉಪನ್ಯಾಸ. ಮೊದಲನೆಯದರಲ್ಲಿ ಬುರ್ಜ್ ಖಲೀಫಾದ ಎತ್ತರ 828 ಮೀಟರ್. ಎರಡನೆಯದರಲ್ಲಿ ಅದು ಇನ್ನೂ ಬೆಳೆಯುತ್ತಿದೆ.

ನಿಪ್ಪಾಣಿಯ ಒಂದು ಹಾಲ್‌ನಲ್ಲಿ, ಗೊಬ್ಬರದಂಗಡಿಯವರು ಕರೆದರೆಂದು ಸೇರಿದ್ದ ನಮ್ಮೆದುರು, ಟೈ ಕಟ್ಟಿದ ಹುಡುಗನೊಬ್ಬ ಪರದೆಯ ಮೇಲೆ ಚಿತ್ರ ತೋರಿಸುತ್ತ ಅಂದ: “ನವೆಂಬರದಿಂದ ಮಾರ್ಚದ ಮಟ ಬೆಸ್ಟ್ ಸೀಸನ್ ನೋಡ್ರಿ ಕಾಕಾ.”

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: “ಆ ಹಂಗಾಮಿನ್ಯಾಗ ನಮ್ಮ ಕಬ್ಬ ನೀ ಬಂದ ಕಡಿತೀ ಏನ್ ತಮ್ಮಾ?”

ಹುಡುಗ ಮುಂದಿನ ಸ್ಲೈಡಿಗೆ ಹೋದ. ಅದರಲ್ಲಿ ಒಂಟೆ ಇತ್ತು.

ಜ್ಞಾನಶಾಖೆಯೊಂದು ಪ್ರಶ್ನೆಗೆ ಒಂಟೆಯನ್ನು ಉತ್ತರವಾಗಿ ಕೊಡುವ ಮಟ್ಟಕ್ಕೆ ಬಂದಾಗ ಸಂಶೋಧಕ ಸುಮ್ಮನಿರಲಾಗದು.

ಯಾತ್ರಿಕ ವರ್ಗೀಕರಣ

ಈ ಭಾಗದ ಮರುನಗರ ಯಾತ್ರಿಕರನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಬಹುದು.

ಪ್ರಥಮ ವರ್ಗ, ಗುರಿಸಾಧಕ ಯಾತ್ರಿಕ. ಗೊಬ್ಬರ, ಬೀಜ, ಸಿಮೆಂಟ್ ಡೀಲರು. ಇಷ್ಟು ಚೀಲ ಮಾರಿದರೆ ದುಬೈ, ಅದಕ್ಕೂ ಕಡಿಮೆಯಾದರೆ ಗೋವಾ, ಇನ್ನೂ ಕಡಿಮೆಯಾದರೆ ಗೋಡೆ ಗಡಿಯಾರ. ಇವನಿಗೆ ಕಾಲನಿರ್ಣಯದ ಸ್ವಾತಂತ್ರ್ಯವಿಲ್ಲ. ಕಂಪನಿ ಹೇಳಿದ ದಿನ ಒಂದೇ ಬಣ್ಣದ ಟೋಪಿ ಹಾಕಿ ಏರ್‌ಪೋರ್ಟಿನಲ್ಲಿ ಸಾಲಾಗಿ ನಿಲ್ಲುತ್ತಾನೆ.

ದ್ವಿತೀಯ ವರ್ಗ, ಸಂತಾನಾವಲಂಬಿ ಯಾತ್ರಿಕ. ಮಗ ಶಾರ್ಜಾದಲ್ಲೋ ದುಬೈಯಲ್ಲೋ ಇಂಜಿನಿಯರು. ಮೊಮ್ಮಗ ಹುಟ್ಟಿದ ತಿಂಗಳೇ ಪ್ರಶಸ್ತ ಕಾಲ; ಆಗಸ್ಟ್ ಆದರೂ ಸರಿ.

ತೃತೀಯ ವರ್ಗ, ಶರ್ಕರಾ-ರಾಜತಾಂತ್ರಿಕ. ದುಬೈಯಲ್ಲಿ ಪ್ರತಿ ಚಳಿಗಾಲ ಜಗತ್ತಿನ ಸಕ್ಕರೆ ವ್ಯಾಪಾರಿಗಳ ಸಮ್ಮೇಳನ ನಡೆಯುತ್ತದೆ. ಅದಕ್ಕೆ ಹೋಗುವ ಇವನ ಬಗ್ಗೆ ಕೊನೆಗೆ ಮಾತಾಡೋಣ.

ಚತುರ್ಥ ವರ್ಗ, ಸ್ವದ್ರವ್ಯ ಯಾತ್ರಿಕ, ಅಂದರೆ ತನ್ನ ಕಬ್ಬಿನ ಬಿಲ್ಲಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟವನು. ಉಳಿದ ಐದು ವರ್ಗ ಬರೆಯಲು ಬೇಸರ ಬಂದಿದೆ. ನನಗೆ ಬೇಕಾದವನು ಇವನೊಬ್ಬನೇ.

ಕಾಲನಿರ್ಣಯ

ದುಬೈಯಲ್ಲಿ ಕಾಲಗಳು ಎರಡು: ಹೋಗಬಹುದಾದದ್ದು, ಹೋಗಬಾರದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತವಾಗಿರುತ್ತದೆ, ಗ್ಲೋಬಲ್ ವಿಲೇಜ್ ತೆರೆದಿರುತ್ತದೆ, ಮಿರಾಕಲ್ ಗಾರ್ಡನ್‌ನಲ್ಲಿ ಹೂವಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು 40 ಡಿಗ್ರಿ ದಾಟಿ 45ರ ಕಡೆ ಹೊರಡುತ್ತದೆ. ಆಗ ಬಹುಪಾಲು ಆ ವಿಲೇಜೂ ಗಾರ್ಡನ್ನೂ ಬಾಗಿಲು ಹಾಕಿರುತ್ತವೆ. ಹೋಟೆಲುಗಳು ಆಗ ಅಗ್ಗ.

ಇನ್ನು ಸ್ವದ್ರವ್ಯ ಯಾತ್ರಿಕನ ಪಂಚಾಂಗ. ದುಬೈ ಹಿತವಾಗುವ ಹೊತ್ತಿಗೆ ಇಲ್ಲಿ ಕಾರ್ಖಾನೆಯ ಚಿಮಣಿ ಹೊಗೆಯಾಡುತ್ತದೆ. ಯಾರ ಕಬ್ಬು ಯಾವಾಗ ಎಂಬುದು ಲಾವಣಿ (ನಾಟಿ) ನೋಂದಣಿಯ ತಾರೀಖಿನ ಮೇಲೆ ನಿಂತಿದೆಯೆಂದು ನಿಯಮ ಹೇಳುತ್ತದೆ. ಕಾರ್ಖಾನೆಯ ಸ್ಲಿಪ್ ಬಾಯ್ ಬೇರೆ ಹೇಳುತ್ತಾನೆ: 86032 ತಳಿ ಹಾಕಿದವರದು ಮೊದಲು, 265 ಹಾಕಿದವರದು ಆಮೇಲೆ, ಕಬ್ಬು ಕಡಿಯುವ ಟೋಳಿ ಎಲ್ಲಿದೆಯೋ ಅದರ ಪಕ್ಕದವರದು ಎಲ್ಲಕ್ಕಿಂತ ಮೊದಲು. ಹತ್ತು ದಿನ ಊರು ಬಿಟ್ಟರೆ ಸರದಿ ಹೋಯಿತು. ಸರದಿ ಹೋದ ಹೊಲವನ್ನು ಜನವರಿಯಲ್ಲಿ ನೋಡಬೇಕು: ತುದಿಗೆ ಬೆಳ್ಳನೆ ತುರಾ ಬಂದು, ಗಣಿಕೆ ಒಳಗೆ ಬೆಂಡಾಗಿ, ತೂಕ ಇಳಿಯುತ್ತ ನಿಂತಿರುತ್ತದೆ. ದೂರದಿಂದ ಫೋಟೊಕ್ಕೆ ಚೆಂದ. ಆದ್ದರಿಂದ ಯಾತ್ರಿಕ ಬದುವಿನ ಮೇಲೆ ಕೂತು ಟೋಳಿಯ ದಾರಿ ಕಾಯುತ್ತಾನೆ, ಅದರ ಮುಕಾದಮನಿಗೆ ಫೋನ್ ಹಚ್ಚುತ್ತಾನೆ, ಅವನು ಎತ್ತುವುದಿಲ್ಲ.

ಹಂಗಾಮು ಮುಗಿದು, ಬೇಸಿಗೆ ಕಳೆದು, ಅಂತೂ ಕೈ ಖಾಲಿಯಾಗುವುದು ಜುಲೈನಲ್ಲಿ. ಆಗ ಅಗ್ಗದ ಪ್ಯಾಕೇಜು ಉಂಟು, ಆದರೆ ಕಲ್ಲೋಳ–ಯಡೂರ, ಕಾರದಗಾ–ಭೋಜ ಸೇತುವೆಗಳು ನೀರಿನಡಿ. 2005, 2019, 2021ರಲ್ಲಿ ಸೇತುವೆಗಳಷ್ಟೇ ಅಲ್ಲ, ಮನೆಗಳೂ ಮುಳುಗಿದವು. ದುಬೈಯಲ್ಲಿ 2024ರ ಏಪ್ರಿಲ್ 16ರಂದು ಒಂದೇ ದಿನ ದಾಖಲೆಯ ಮಳೆ ಬಿದ್ದು ವಿಮಾನ ನಿಲ್ದಾಣ ಕೆರೆಯಾಯಿತು. ಜಗತ್ತೇ ಟಿವಿಯ ಮುಂದೆ ಕೂತು ನೋಡಿತು. ನಮ್ಮ ಸೇತುವೆಗಳು ಮುಳುಗಿದ ಸುದ್ದಿಗೆ ಪತ್ರಿಕೆಗಳು ಪ್ರತಿ ವರ್ಷ ಅದೇ ಫೋಟೊ ಹಾಕಿದರೂ ನಡೆಯುತ್ತದೆ.

ಹೀಗಾಗಿ ಸಿದ್ಧಾಂತ: ನಮಗೆ ಬಿಡುವಿದ್ದಾಗ ದುಬೈ ಸುಡುತ್ತದೆ, ದುಬೈ ತಣ್ಣಗಿದ್ದಾಗ ನಮ್ಮ ಹೊಟ್ಟೆ ಸುಡುತ್ತದೆ.

ಇಲ್ಲೊಂದು ಉಪಾಖ್ಯಾನ. ಆ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೂಲಿಗಳನ್ನು ದುಡಿಸುವಂತಿಲ್ಲ. ಬೀಡ್‌ನಿಂದಲೋ ವಿಜಯಪುರದ ಕಡೆಯಿಂದಲೋ ಬಂದು ನಮ್ಮ ಹೊಲದಲ್ಲಿ ಕಬ್ಬು ಕಡಿಯುವ ಹೆಂಗಸು ಮಾರ್ಚಿನ ಮಟಮಟ ಮಧ್ಯಾಹ್ನ ಕೂಸನ್ನು ಟ್ರೇಲರಿನ ನೆರಳಲ್ಲಿ ಮಲಗಿಸಿ ಹೊರೆ ಹೊರುತ್ತಾಳೆ. ಅವಳಿಗೆ ಯಾವ ಗಂಟೆಯ ನಿಯಮವೂ ಇಲ್ಲ. ಇದನ್ನು ನಾನೂ ಬದುವಿನ ಮೇಲೆ ನಿಂತು ನೋಡಿದವನೇ. ಹೊರೆ ಬೇಗ ಹೊರಲಿ ಎಂದೇ ಅಂದುಕೊಂಡಿದ್ದೆ.

ಪ್ರವೇಶ ಪ್ರಕರಣ

ವಿಮಾನಕ್ಕೆ ನಮಗೆ ಬೆಂಗಳೂರಿಗಿಂತ ಮುಂಬೈ ಹತ್ತಿರ. ಕಾಗವಾಡದವರು ಮಿರಜಕ್ಕೆ ಹೋಗಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕು ಹರಿಯುವಾಗ ಮುಂಬೈ. ಗಡಿವಾದದ ಬಗ್ಗೆ ಪ್ರತ್ಯೇಕ ಸಂಕಿರಣಗಳಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ.

ಪಾಸ್‌ಪೋರ್ಟಿಗೆ ಆರು ತಿಂಗಳ ಆಯುಷ್ಯ ಬಾಕಿ ಇರಬೇಕು. ವೀಸಾ 30 ದಿನದ್ದು ಅಥವಾ 60 ದಿನದ್ದು. 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ. ಬರೀ “ಗಂಗವ್ವ” ಎಂದಿದ್ದು ಅಡ್ಡಹೆಸರಿನ ಜಾಗ ಖಾಲಿ ಇದ್ದರೆ, ಒಳಪುಟದಲ್ಲಿ ಅಪ್ಪನ ಹೆಸರಾದರೂ ಇರಲೇಬೇಕು. ಎಪ್ಪತ್ತು ವರ್ಷ ಇಡೀ ಊರಿಗೆ ಒಬ್ಬಳೇ ಗಂಗವ್ವ ಆಗಿದ್ದವಳು ದುಬೈಗೆ ಸಾಲುವುದಿಲ್ಲ. ವಿಳಾಸದ ತೊಡಕು ಬೇರೆ: ನಿಪ್ಪಾಣಿ, ಕಾಗವಾಡ ತಾಲೂಕುಗಳ ಘೋಷಣೆಯಾದದ್ದು 2017ರಲ್ಲಿ, ಆಧಾರ್ ಇನ್ನೂ ಚಿಕ್ಕೋಡಿ, ಅಥಣಿ ಎನ್ನುತ್ತಿದೆ.

ಆಮೇಲೆ ಹಣವಿದೆಯೆಂಬುದಕ್ಕೆ ಪುರಾವೆ. ಏಜೆಂಟ್ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾನೆ. ನಮ್ಮ ಪಾಸ್‌ಬುಕ್ಕಿನಲ್ಲಿ ಮೂರು ತಿಂಗಳಲ್ಲಿ ಕಾಣುವುದು ಪಿಕೆಪಿಎಸ್ ಸೊಸೈಟಿ ಸಾಲದ ಕಡಿತ, ವಿಮೆಯ ಕಡಿತ ಮತ್ತು ಎಸ್ಸೆಮ್ಮೆಸ್ಸಿನ ಕಡಿತ. ಕೆಲವರು ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ಬೇಸಾಯದ ಆದಾಯಕ್ಕೆ ತೆರಿಗೆಯೇ ಇಲ್ಲ, ರಿಟರ್ನ್ ಎಲ್ಲಿಂದ ತರುವುದು? ತಮಾಷೆ ಏನೆಂದರೆ, ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಟಿಸಿಎಸ್ ಎಂಬ ಮುಂಗಡ ತೆರಿಗೆ ಮುರಿದುಕೊಳ್ಳುತ್ತಾರೆ. ಅದನ್ನು ಮರಳಿ ಪಡೆಯಬೇಕಾದರೆ ತೆರಿಗೆ ಇಲ್ಲದವನೂ ರಿಟರ್ನ್ ಹಾಕಬೇಕು.

ನಿಷಿದ್ಧ ವಸ್ತುಗಳಲ್ಲಿ ಗಸಗಸೆ ಮುಖ್ಯ. ಅಂದರೆ ದಾರಿಗೆಂದು ಕಟ್ಟಿಕೊಡುವ ಅಂಟಿನ ಉಂಡಿಯಲ್ಲಿ ಮಾದಕ ದ್ರವ್ಯವಿದೆ. ಅವ್ವಂದಿರಿಗೆ ಇದನ್ನು ತಿಳಿಸಿ ಹೇಳುವ ಎದೆಗಾರಿಕೆ ಈ ಸಂಶೋಧಕನಿಗಿಲ್ಲ. ವೀಳ್ಯದೆಲೆ ಮತ್ತು ಗುಟ್ಕಾಕ್ಕೂ ಪ್ರವೇಶವಿಲ್ಲ. ಬೀಡಿ ತಂಬಾಕಿನಿಂದಲೇ ಹೆಸರಾದ, ಆ ತಂಬಾಕಿನ ಬೆಲೆಗಾಗಿ 1981ರಲ್ಲಿ ರಸ್ತೆಯಲ್ಲಿ ಕೂತು ಗುಂಡೇಟು ತಿಂದ ನಿಪ್ಪಾಣಿಯ ರೈತ, ವಿಮಾನ ನಿಲ್ದಾಣದಲ್ಲಿ ಕಿಸೆಯ ಚಂಚಿಯನ್ನು ಯಾವ ಡಬ್ಬಕ್ಕೆ ಎಸೆಯಬೇಕೆಂದು ಹುಡುಕುತ್ತಾನೆ.

ದ್ರವ್ಯ ಪ್ರಕರಣ

ಪ್ರಚಲಿತ ಗ್ರಂಥಗಳು ಬಜೆಟ್ಟನ್ನು ದಿರ್ಹಮಿನಲ್ಲಿ ಹೇಳುತ್ತವೆ. ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿಕೊಂಡಿದೆ, ಅಲುಗಾಡುವುದಿಲ್ಲ. ನಮ್ಮಲ್ಲಿ ಚಾಲ್ತಿಯ ನಾಣ್ಯ ಟನ್. 2025ರ ನವೆಂಬರ್‌ನಲ್ಲಿ, ಅಂದರೆ ದುಬೈಯ ಪ್ರಶಸ್ತ ಕಾಲ ಶುರುವಾದಾಗ, ನಮ್ಮವರು ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಯ ಮೇಲೆ ಕೂತು, ಅಲ್ಲೇ ಉಂಡು ಮಲಗಿ, ಟನ್ನಿಗೆ 3,500 ಕೇಳಿದರು. ಸಿಕ್ಕಿದ್ದು, ಸಕ್ಕರೆ ಇಳುವರಿ ನೂರಕ್ಕೆ 11.25 ಬಂದರೆ, ಕಟಾವು–ಸಾಗಣೆ ಬಿಟ್ಟು 3,300.

ಈಗ ಐದು ದಿನದ ಪ್ಯಾಕೇಜು ತಲೆಗೆ 66 ಸಾವಿರ ಎಂದಿಟ್ಟುಕೊಳ್ಳೋಣ. (ಭಾಗಾಕಾರ ಸಲೀಸಾಗಲಿ ಎಂದು ಈ ಅಂಕಿ ಆರಿಸಿದ್ದೇನೆ. ಪಂಡಿತರೂ ಹಾಗೇ ಮಾಡುವುದು, ಹೇಳುವುದಿಲ್ಲ ಅಷ್ಟೆ.) ತಲೆಗೆ 20 ಟನ್, ಗಂಡ ಹೆಂಡತಿಗೆ 40. ಎಕರೆಗೆ 40 ಟನ್ ಬಂದರೆ ಒಂದು ವರ್ಷದ ಒಂದು ಎಕರೆ, ಐದು ದಿನದಲ್ಲಿ ಮುಗಿಯಿತು. ಹೋಟೆಲಿನವರು ರಾತ್ರಿಗೊಂದು ಕೋಣೆಗೆ 7ರಿಂದ 20 ದಿರ್ಹಮ್ ಪ್ರವಾಸಿ ಶುಲ್ಕ ಬೇರೆ ತೆಗೆದುಕೊಳ್ಳುತ್ತಾರೆ. ಬುರ್ಜ್ ಖಲೀಫಾದ ಮೇಲೆ ಹತ್ತಿ ಇಳಿಯಲು ತಲೆಗೆ ಒಂದು ಟನ್ನಿನ ಆಸುಪಾಸು. ಇದು ಒಟ್ಟು ಆದಾಯದ ಲೆಕ್ಕ. ಇದರಿಂದ ಗೊಬ್ಬರ, ಬೀಜ, ಮೋಟರ್ ಸುಟ್ಟದ್ದು, ಟೋಳಿಗೆ ಮೇಲೆ ಕೊಡುವ ಖುಷಾಲಿ, ಟ್ರ್ಯಾಕ್ಟರ್ ಡ್ರೈವರನ ಎಂಟ್ರಿ ಕಾಸು, ತೂಕದ ಕಾಟಾದಲ್ಲಿ ಎಲ್ಲಿ ಹೋಯಿತೆಂದು ತಿಳಿಯದೆ ಹೋದ ಕ್ವಿಂಟಲುಗಳು ಕಳೆಯಬೇಕು. ಕಳೆದ ಮೇಲೆ ಉಳಿಯುವ ಹಣಕ್ಕೆ ಮಿರಜದ ತನಕ ಹೋಗಬಹುದು.

ಜಾರ್ಗನ್ನು ಸಾಕು. ಖರ್ಚು ಜಾಸ್ತಿ ಎಂಬುದು ನನ್ನ ತಕರಾರೇ ಅಲ್ಲ. ಸಾಲ ಮಾಡಿ ಮದುವೆ ಮಾಡುವ ನಾವು ದುಬೈಗೂ ಹೋಗಿ ಬರುತ್ತೇವೆ. ಆದರೆ ಪ್ರವಾಸದ ಯಾವ ಹಾಳೆ ತೆಗೆದರೂ ಮೊದಲ ಸಾಲು “ಮೂರು ತಿಂಗಳು ಮುಂಚೆ ಬುಕ್ ಮಾಡಿ”. ಮೂರು ತಿಂಗಳು ಮುಂಚೆ ಬುಕ್ ಮಾಡಲು ಮೂರು ತಿಂಗಳ ಆಚೆ ಕೈಗೆ ಹಣ ಬರುತ್ತದೆಂಬ ಭರವಸೆ ಬೇಕು. ಮಾಸ್ತರಿಗೆ ಅದು ಇದೆ, ಗುಮಾಸ್ತನಿಗೆ ಇದೆ, ಟೈ ಕಟ್ಟಿದ ಹುಡುಗನಿಗೂ ಇದೆ. ನಾನು ಡಿಸೆಂಬರಿನಲ್ಲಿ ಕಳಿಸಿದ ಕಬ್ಬಿನ ಬಿಲ್ಲು, ಯಾವ ಕಾರ್ಖಾನೆಯೆಂದು ಹೇಳುವುದು ಬೇಡ, ಮುಂಗಾರು ಬಂದ ಮೇಲೂ ಬಂದಿರಲಿಲ್ಲ. ಕೇಳಲು ಹೋದವನಿಗೆ ಒಳಗಿನವರು, “ಸಕ್ಕರಿ ಹೋಗಿಲ್ರಿ, ಹೋದ ಮ್ಯಾಲ ಬರತೈತಿ” ಅಂದರು.

ಸಕ್ಕರೆ ಹೋಗುತ್ತದೆ, ಚೆನ್ನಾಗಿ ಗೊತ್ತು. ದುಬೈಯ ಜಬಲ್ ಅಲಿ ಬಂದರಿನಲ್ಲಿ ಜಗತ್ತಿನ ದೊಡ್ಡ ಸಕ್ಕರೆ ಶುದ್ಧೀಕರಣ ಕಾರ್ಖಾನೆಗಳಲ್ಲೊಂದಿದೆ. ಒಂದು ಗಣಿಕೆ ಕಬ್ಬು ಬೆಳೆಯದ ಮರಳಿನಲ್ಲಿ 1990ರ ದಶಕದಿಂದ ಹೊರದೇಶದ ಕಚ್ಚಾ ಸಕ್ಕರೆ ತಂದು, ಬೆಳ್ಳಗೆ ಮಾಡಿ, ಮಾರುತ್ತಾರೆ. ತೃತೀಯ ವರ್ಗದ ಯಾತ್ರಿಕರು ಜನವರಿ–ಫೆಬ್ರವರಿಯ ಹಿತವಾದ ಗಾಳಿಯಲ್ಲಿ ಅಲ್ಲಿ ಕೂತು ಬೆಲೆಯ ಮಾತಾಡುವಾಗ, ಬೆಳೆದವನು ಇಲ್ಲಿ ಬದುವಿನ ಮೇಲೆ ಕೂತಿರುತ್ತಾನೆ. ಸಕ್ಕರೆಗೆ ಗಂಗವ್ವನ ಹಾಗೆ ಎರಡು ಹೆಸರು ಬೇಡ, ಮೂರು ತಿಂಗಳ ಸ್ಟೇಟ್‌ಮೆಂಟ್ ಬೇಡ.

ಮುಂದಿನ ಸಂಶೋಧನೆಗೆ ಅವಕಾಶ

1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕಾರ್ಖಾನೆಗೆ ಬಂದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಈ ಬಡ್ಡಿಯ ಬಗ್ಗೆ ಯಾವ ಸಂಕಿರಣದಲ್ಲೂ ಪ್ರಬಂಧ ಮಂಡನೆಯಾದದ್ದು ನಾನು ಕೇಳಿಲ್ಲ. ಯುವ ಸಂಶೋಧಕರು ಗಮನಿಸಬೇಕು. ಐದು ತಾಲೂಕುಗಳಲ್ಲಿ ಯಾರಾದರೂ, ತಾವಾಗಿ ಕೇಳದೆ, ಕೋರ್ಟಿಗೆ ಹೋಗದೆ, ಆ ಬಡ್ಡಿ ಪಡೆದಿದ್ದರೆ ರಸೀದಿಯ ಝೆರಾಕ್ಸ್ ತೋರಿಸಲಿ. ಅವರ ದುಬೈ ಟಿಕೆಟ್ಟಿನ ಖರ್ಚು ನನ್ನದು, ಅದೂ ಜನವರಿಯದು.