ಜೂಜಿನ ಕಾನೂನಿಗೊಂದು ಬಿನ್ನಹ

ತೀರ್ಥರೂಪ ಸಮಾನರಾದ ಜೂಜಿನ ಕಾನೂನು ರಾಯರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರಗಳು. ಉಭಯಕುಶಲೋಪರಿ ಸಾಂಪ್ರತ.

1867ರಲ್ಲಿ ಬ್ರಿಟಿಷರ ಕೃಪೆಯಿಂದ ಜನಿಸಿದ ತಾವು ಇನ್ನೂ ಗಟ್ಟಿಮುಟ್ಟಾಗಿದ್ದೀರಿ, ಸಂತೋಷ. ಸಂವಿಧಾನವು ಪಣ ಮತ್ತು ಜೂಜನ್ನು ರಾಜ್ಯಪಟ್ಟಿಯ 34ನೇ ನಮೂದಿನಲ್ಲಿ ಇರಿಸಿದ ಮೇಲಂತೂ, ಗ್ರಾಮದೇವತೆಗೆ ಊರೂರಲ್ಲಿ ಬೇರೆ ಬೇರೆ ನೈವೇದ್ಯ ಇರುವಂತೆ ತಮಗೂ ರಾಜ್ಯಕ್ಕೊಂದು ಪದ್ಧತಿಯಾಯಿತು. ಅದನ್ನು ಅರಿಯದ ಅಲ್ಪಮತಿಗಳಾದ ನಮ್ಮದೇ ತಪ್ಪು, ಕ್ಷಮಿಸಬೇಕು.

ತಲಪಾಡಿಯ ಗಡಿಯಲ್ಲಿ ತಾವು ತೋರುವ ಲೀಲೆಗೆ ನಾವು ಚಿರಋಣಿಗಳು. ಆ ಕಡೆ ಕೇರಳ ಸರ್ಕಾರವೇ 1967ರಿಂದ ಲಾಟರಿ ನಡೆಸುತ್ತಿದೆ. ಈ ಕಡೆ ಕರ್ನಾಟಕ 2007ರಲ್ಲೇ ಲಾಟರಿಗೆ ಬಾಗಿಲು ಹಾಕಿದೆ. ಅಲ್ಲಿ ಸರ್ಕಾರದ ಸರಕಾಗಿದ್ದ ಚೀಟಿ ನಾಲ್ಕು ಹೆಜ್ಜೆ ಈಚೆಗೆ ಮಾರಾಟಕ್ಕೆ ಬಂದರೆ ಅಪರಾಧ. ಭಾಗ್ಯಲಕ್ಷ್ಮಿಗೂ ಚೆಕ್‌ಪೋಸ್ಟ್ ಹಾಕಿದ ಮಹಾನುಭಾವರು ತಾವು.

ಮಹದಾಯಿಯ ಮಹಿಮೆಯನ್ನಂತೂ ಎಷ್ಟು ಹೊಗಳಲಿ! ಖಾನಾಪುರದ ಕಾಡಿನಲ್ಲಿ ಹುಟ್ಟುವ ಆ ಹೊಳೆಯ ನೀರಿಗಾಗಿ ನಾವು ನ್ಯಾಯಮಂಡಳಿಯವರೆಗೂ ಹೋಗಿ ಬಡಿದಾಡಿದೆವು. ಅದೇ ನೀರು ಮಾಂಡೋವಿಯೆಂಬ ಹೆಸರಲ್ಲಿ ಪಣಜಿ ಸೇರಿದರೆ ಅದರ ಮೇಲೆ ಕ್ಯಾಸಿನೊ ಹಡಗುಗಳು ಝಗಮಗಿಸುತ್ತವೆ, ತಮ್ಮದೇ ಪರವಾನಗಿಯೊಂದಿಗೆ.

ಕೌಶಲವನ್ನು ಗುರುತಿಸುವ ತಮ್ಮ ಸೂಕ್ಷ್ಮದೃಷ್ಟಿಗೆ ಶರಣು. ರಮ್ಮಿಯಲ್ಲಿ ಕೌಶಲವೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1968ರಲ್ಲೂ, ಕುದುರೆ ಪಂದ್ಯವೂ ಕೌಶಲದ್ದೇ ಎಂದು 1996ರಲ್ಲೂ ಹೇಳಿತು. ಹಾಗಾಗಿ ರೇಸ್‌ಕೋರ್ಸಿನ ಆವರಣದೊಳಗೆ ಬಾಜಿ ಕಟ್ಟಿದವರು ಗೌರವಸ್ಥರು. ಆದರೆ ಪಿಚ್, ಟಾಸ್, ರಾತ್ರಿಯ ಇಬ್ಬನಿ ಎಲ್ಲವನ್ನೂ ಅಳೆದು ತೂಗಿ ಕ್ರಿಕೆಟ್‌ಗೆ ಐನೂರು ಕಟ್ಟಿದ ನಮ್ಮ ಚಹಾದಂಗಡಿಯ ಪಂಡಿತರು ಬೆಟ್ಟಿಂಗ್ ದಂಧೆಯ ಆರೋಪಿಗಳು. ಕುದುರೆಯ ಕಾಲು ನೋಡುವುದು ವಿದ್ಯೆ, ಬೌಲರನ ಕೈ ನೋಡುವುದು ದುಶ್ಚಟ. ದಡ್ಡರಾದ ನಮಗೆ ಇದು ಹೊಳೆದಿರಲಿಲ್ಲ.

ತಮ್ಮ ಸ್ಥಿರಚಿತ್ತಕ್ಕೂ ವಂದನೆ. 2021ರಲ್ಲಿ ನಮ್ಮ ರಾಜ್ಯ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ, ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡಿಸುವುದೇ ಕೂಡದೆಂದಿತು. ಜೂಜು ರಾಜ್ಯದ ವಿಷಯವಲ್ಲವೇ ಎಂದು ಕೇಳುವಷ್ಟು ಉದ್ಧಟತನ ನನಗಿಲ್ಲ.

ಆ ಹೊಸ ಕಾಯ್ದೆಯ ಕರುಣೆ ಕಂಡು ಕಣ್ಣು ತುಂಬಿ ಬಂತು. ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ, ಅವನು ಸಂತ್ರಸ್ತ. ಸರಿಯಾದ ಮಾತೇ. ಆದರೆ ಅರಳಿಕಟ್ಟೆಯ ಮೇಲೆ ನೂರು ರೂಪಾಯಿ ಇಟ್ಟು ಅಂದರ್ ಬಾಹರ್ ಆಡುವ ಮುದುಕಪ್ಪನ ಹತ್ತಿರ ಮೊಬೈಲ್ ಇರಲಿಲ್ಲವಾದ್ದರಿಂದ ಆತ ಸಂತ್ರಸ್ತನಾಗಲಿಲ್ಲ. ಪಂಚರ ಸಮಕ್ಷಮ ಅವನ ಎಲೆಗಳನ್ನೂ ಚಿಲ್ಲರೆಯನ್ನೂ ವಶಪಡಿಸಿಕೊಂಡು, ನಾಡನ್ನು ಕಾಪಾಡಿದಿರಿ.

ಇನ್ನು ತಮ್ಮ ಸಹೋದರಿ ತೆರಿಗೆಯಮ್ಮನವರು. ಸಂಸತ್ತು ನಿಷೇಧಿಸಿದ ಮರುತಿಂಗಳೇ ಅವರು ಕ್ಯಾಸಿನೊ, ಕುದುರೆ, ಲಾಟರಿಗಳ ಜೊತೆಗೆ ಅದೇ ಆನ್‌ಲೈನ್ ಹಣದಾಟಕ್ಕೂ ಶೇ 40ರ ಜಿಎಸ್‌ಟಿ ಗೊತ್ತುಮಾಡಿದರು. ಸತ್ತವರ ಹೆಸರಿಗೂ ಎಲೆ ಹಾಕಿಡುವ ಇಂಥ ಮುಂದಾಲೋಚನೆ ಬೇರೆ ಯಾರಿಗುಂಟು?

ಮಹಾಸ್ವಾಮಿ, ಒಂದೇ ವಿನಂತಿ. ತಾವು ಇಷ್ಟು ವರ್ಷ ಗಡಿ ನೋಡಿದಿರಿ, ಬೇಲಿ ನೋಡಿದಿರಿ, ಆಟದಲ್ಲಿ ಕೌಶಲ ಎಷ್ಟಿದೆಯೆಂದು ತೂಗಿದಿರಿ. ಬಿಡುವಾದಾಗ ಸೋತವನ ಮನೆಗೂ ಒಮ್ಮೆ ಚಿತ್ತೈಸಿ, ಹೋದ ಹಣವೆಷ್ಟು, ಮಾಡಿದ ಸಾಲವೆಷ್ಟು ಎಂದು ಕೇಳಬೇಕು. ಆ ಮನೆಯವರಿಗೆ ಅದು ಕುದುರೆಯಿಂದ ಹೋಯಿತೋ, ಎಲೆಯಿಂದಲೋ, ಸರ್ಕಾರಿ ಚೀಟಿಯಿಂದಲೋ ಎಂಬ ಭೇದ ತಿಳಿಯದು. ಅವರು ತಮ್ಮಷ್ಟು ಓದಿದವರಲ್ಲ.

ಇಂತಿ,
ಬೇಲಿಯ ಯಾವ ಕಡೆ ನಿಂತಿದ್ದೇನೆಂದು ತಮ್ಮನ್ನು ಕೇಳಿಯೇ ತಿಳಿಯಬೇಕಾದ,
ತಮ್ಮ ಆಜ್ಞಾಧಾರಕ