ಆರು ವರ್ಷ ತಡೆದುಕೊಳ್ಳಿ

ಜೈಲಿನಿಂದ ಹೊರಬಂದವನು ಮೊದಲು ಹಾರ ಹಾಕಿಸಿಕೊಳ್ಳಬೇಕು. 2019ರ ಅಕ್ಟೋಬರ್‌ನಲ್ಲಿ ಡಿ.ಕೆ. ಶಿವಕುಮಾರ್ ತಿಹಾರ್‌ನಿಂದ ಜಾಮೀನು ಪಡೆದು ಬೆಂಗಳೂರಿಗೆ ಬಂದಾಗ ಅಭಿಮಾನಿಗಳು ಸೇಬಿನ ಹಾರವನ್ನು ಕ್ರೇನಿನಲ್ಲಿ ಎತ್ತಿ ಹಿಡಿದಿದ್ದರು. ಅವರನ್ನು ಜೈಲಿಗೆ ಕಳಿಸಿದ್ದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ರದ್ದಾದದ್ದು 2024ರಲ್ಲಿ. ತೀರ್ಪು ನಿಧಾನ, ಸೇಬು ಬೇಗ.

ಹೊಳೆನರಸೀಪುರದ ಶಾಸಕ ಎಚ್.ಡಿ. ರೇವಣ್ಣನವರು 2024ರ ಮೇ 14ರಂದು ಜಾಮೀನಿನ ಮೇಲೆ ಪರಪ್ಪನ ಅಗ್ರಹಾರದ ಜೈಲಿನಿಂದ ಬಂದರು. ಕೆಲಸ ಹುಡುಕುವ ತಾಪತ್ರಯವಿರಲಿಲ್ಲ. ಹೋಗುವಾಗಲೂ ಶಾಸಕರು, ಬರುವಾಗಲೂ ಶಾಸಕರು. ಆರೋಪ ಸಾಬೀತಾಗುವ ತನಕ ಕುರ್ಚಿ ಕದಲಬಾರದು, ನ್ಯಾಯವೇ. ಅರಕಲಗೂಡಿನ ಹೋಟೆಲ್ ಮಾಲೀಕರಿಗೂ ಯಾರಾದರೂ ಇದನ್ನು ತಿಳಿಸಿದರೆ ಪುಣ್ಯ ಬಂದೀತು. ಅಲ್ಲಿ ಸಪ್ಲೈಯರ್ ಹತ್ತು ದಿನ ಕಾಣದಿದ್ದರೆ ಹನ್ನೊಂದನೆಯ ದಿನ ಬೇರೊಬ್ಬ ಲೋಟ ಹಿಡಿದು ನಿಂತಿರುತ್ತಾನೆ.

ಶಿಕ್ಷೆ ಮುಗಿಸಿ ಬಂದವನ ಪಾಡು ಇನ್ನೂ ಸೊಗಸು. ಹೊಗೆಸೊಪ್ಪು ಬೆಳೆದು ರಾಮನಾಥಪುರದ ಹರಾಜಿಗೆ ಹಾಕೋಣವೆಂದರೆ ತಂಬಾಕು ಮಂಡಳಿಯ ನೋಂದಣಿ ಬೇಕು. ಆಲೂಗಡ್ಡೆ ಹಾಕೋಣವೆಂದರೆ ಬಿತ್ತನೆ ಬೀಜಕ್ಕೆ ಸಾಲ ಬೇಕು, ಸಾಲಕ್ಕೆ ಜಾಮೀನುದಾರ ಬೇಕು. ಇದ್ದ ಒಬ್ಬ ಜಾಮೀನುದಾರ ಕೋರ್ಟಿನಲ್ಲೇ ಖರ್ಚಾಗಿ ಹೋಗಿದ್ದಾನೆ.

ಹಾಸನಕ್ಕೆ ಬಂದು ಸೆಕ್ಯುರಿಟಿ ಕೆಲಸ ಕೇಳಿದರೆ ಅಲ್ಲಿ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಅಡ್ಡ ನಿಂತಿದೆ: ಕೋರ್ಟಿನಲ್ಲಿ ಅಪರಾಧಿ ಎನಿಸಿಕೊಂಡವನನ್ನು ಗಾರ್ಡ್ ಮಾಡಿಕೊಳ್ಳುವಂತಿಲ್ಲ. ಎಷ್ಟು ವರ್ಷ ಎಂದು ಕೇಳಬೇಡಿ, ಕಾಯ್ದೆ ಗಡುವು ಹೇಳಿಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಮಾತ್ರ ತಾಯಿ ಕರುಳು. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾದವರೂ ಬಿಡುಗಡೆಯ ನಂತರ ಆರು ವರ್ಷ ತಡೆದುಕೊಂಡರೆ ಸಾಕು, ನಾಮಪತ್ರ ಹಾಕಬಹುದು. ಎಟಿಎಂ ಮುಂದೆ ಸ್ಟೂಲ್ ಹಾಕಿ ಕೂರಲು ಲಾಯಕ್ಕಿಲ್ಲದವನು ವಿಧಾನಸೌಧದಲ್ಲಿ ಕೂತು ಬಜೆಟ್‌ಗೆ ಕೈ ಎತ್ತಬಹುದು.

ಕೆಲಸವೇ ಬೇಕೆಂದರೆ ಒಳಗೇ ಇರುವುದು ವಾಸಿ. ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆಯಾದ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೈಲಿನ ಗ್ರಂಥಾಲಯದಲ್ಲಿ ಗುಮಾಸ್ತೆ ಕೆಲಸ, ದಿನಕ್ಕೆ ಐನೂರು ಚಿಲ್ಲರೆ ಕೂಲಿ ಎಂದು ಸುದ್ದಿಯಾಯಿತು. ಕೈದಿಗೆ ಸರ್ಕಾರ ಕೆಲಸ ಕಲಿಸುತ್ತದೆ, ಕೂಲಿ ಕೊಡುತ್ತದೆ. ಸನ್ನಡತೆ ತೋರಿಸಿದರೆ ಅವಧಿಗೆ ಮುಂಚೆಯೇ ಆ ಕೆಲಸದಿಂದ ತೆಗೆದುಹಾಕುತ್ತದೆ.

ಕೊನೆಗೆ ನಮ್ಮವನು ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋದ ಎಂದಿಟ್ಟುಕೊಳ್ಳಿ. ಅಲ್ಲಿ ಕಾಗದಪತ್ರ ಯಾರೂ ಕೇಳುವುದಿಲ್ಲ.

“ಇಷ್ಟು ವರ್ಷ ಎಲ್ಲಿದ್ಯಪ್ಪಾ?”

“ಬೆಂಗಳೂರಲ್ಲಿದ್ದೆ ಗೌಡ್ರೇ.”

“ಬೆಂಗಳೂರಲ್ಲಿ ಎಲ್ಲಿ?”

“ಪರಪ್ಪನ ಅಗ್ರಹಾರ.”

ಗೌಡರು ದಡಕ್ಕನೆ ಎದ್ದು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. “ಕೂತ್ಕೊಳಿ, ಕೂತ್ಕೊಳಿ. ಯಾವ ಪಾರ್ಟಿ?”